ವಿಮಾನದ 'ಸುಸ್ಥಿರ ಇಂಧನ' ಅಂದರೆ ಯಾವುದು, ಅದನ್ನು ತೀರ್ಮಾನ ಮಾಡುವವರು ಯಾರು?

ಹಾವೇರಿ_ಹುಡುಗ:
ಅಂತಾರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ಕ್ಕೆ 1%, 2028ಕ್ಕೆ 2%, 2030ಕ್ಕೆ 5% ಎಸ್‌ಎಎಫ್ (ಸುಸ್ಥಿರ ವಿಮಾನ ಇಂಧನ) ಬೆರೆಸಬೇಕು ಅಂತ ಭಾರತ ಗುರಿ ಇಟ್ಟುಕೊಂಡಿದೆ. ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ, ಎಥೆನಾಲ್ ಕಾರ್ಖಾನೆಗಳೂ ಬರುತ್ತಿವೆ, ಹಾಗಾಗಿ ಕೇಳುತ್ತಿದ್ದೇನೆ. ಮೆಕ್ಕೆಜೋಳದ ಎಥೆನಾಲ್‌ನಿಂದ ಮಾಡಿದ ಇಂಧನಕ್ಕೆ ಅಮೆರಿಕದಲ್ಲಿ ದಾರಿ ಇದೆ, ಯುರೋಪಿನಲ್ಲಿ ಇಲ್ಲ ಅಂತಾರೆ. ಎಂಜಿನ್ನಿಗೆ ಅದೂ ಮಾಮೂಲಿ ಇಂಧನವೂ ಒಂದೇ ಅಲ್ವಾ? ಮತ್ತೆ ಯಾಕೆ ಈ ವ್ಯತ್ಯಾಸ?

ಟರ್ಬೈನ್_ರವಿ:
ಎಂಜಿನ್ನಿಗೆ ಒಂದೇ. ಅಲ್ಲಿ ನೋಡುವುದು ಎಎಸ್‌ಟಿಎಂ ಡಿ7566 ಎಂಬ ಮಾನದಂಡವನ್ನು. ಅದರಲ್ಲಿ ಪಾಸಾದ ಇಂಧನವನ್ನು, ಮಾಡುವ ವಿಧಾನ ನೋಡಿಕೊಂಡು, ಹೆಚ್ಚೆಂದರೆ 50% ತನಕ ಬೆರೆಸಬಹುದು. ಆಮೇಲೆ ಅದು ಮಾಮೂಲಿ ಜೆಟ್ ಇಂಧನವೇ. ಆದರೆ ಈ ಮಾನದಂಡ ಸುರಕ್ಷತೆಯದ್ದು, ಪರಿಸರದ್ದಲ್ಲ. ಜೋಹಾನ್ಸ್‌ಬರ್ಗ್‌ನಲ್ಲಿ 1999ರಿಂದಲೇ ಕಲ್ಲಿದ್ದಲಿನಿಂದ ಮಾಡಿದ ಕೃತಕ ಇಂಧನ ಬೆರೆಸಿ ವಿಮಾನ ಹಾರಿಸುತ್ತಿದ್ದಾರೆ. ಎಂಜಿನ್ ಒಪ್ಪಿಕೊಂಡಿತು ಅಂದ ಮಾತ್ರಕ್ಕೆ ಅದನ್ನು ಸುಸ್ಥಿರ ಅನ್ನುವುದಕ್ಕಾಗುತ್ತದೆಯೇ?

ನೀತಿ_ಓದುಗ:
ರವಿ ಹೇಳಿದ್ದು ಸರಿ. ಹಾರುವಾಗ ಬರುವ ಕಾರ್ಬನ್ ಡೈಆಕ್ಸೈಡ್ ಮಾಮೂಲಿ ಇಂಧನ, ಎಸ್‌ಎಎಫ್ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಉಳಿತಾಯ ಇದ್ದರೆ ಅದು ಹೊಲದಿಂದ ಟ್ಯಾಂಕಿನ ತನಕದ ಲೆಕ್ಕದಲ್ಲಿ, ಜಗಳ ಇರುವುದೂ ಆ ಲೆಕ್ಕದಲ್ಲೇ. ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ, ಅಂತಾರಾಷ್ಟ್ರೀಯ ವಿಮಾನಗಳ ಕಾರ್ಬನ್ ಲೆಕ್ಕಕ್ಕೆ ನಡೆಸುವ ಕೋರ್ಸಿಯಾ ಯೋಜನೆಯಲ್ಲಿ ಮಾಮೂಲಿ ಇಂಧನಕ್ಕೆ ಪ್ರತಿ ಮೆಗಾಜೂಲ್ ಶಕ್ತಿಗೆ 89 ಗ್ರಾಂ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿದು, ಅದಕ್ಕಿಂತ 10% ಕಡಿಮೆ ಇದ್ದರೂ ಸಾಕು. ಜೊತೆಗೆ 2008ರ ಜನವರಿ ನಂತರ ಕಾಡು ಕಡಿದ ಜಾಗದ ಬೆಳೆ ಆಗಿರಬಾರದು. ಅಮೆರಿಕದ 2022ರ ಕಾನೂನು ತೆರಿಗೆ ರಿಯಾಯಿತಿಗೆ 50% ಉಳಿತಾಯ ಕೇಳಿತು. ಯುರೋಪ್ ಹೊಸ ಘಟಕಗಳ ಜೈವಿಕ ಇಂಧನಕ್ಕೆ 65% ಕೇಳುತ್ತದೆ, ಜನ ಮತ್ತು ದನ ತಿನ್ನುವ ಬೆಳೆಯನ್ನು ಎಸ್‌ಎಎಫ್ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಕಾರಣ ಇಷ್ಟೇ, ಇಲ್ಲಿನ ಜೋಳ ವಿಮಾನಕ್ಕೆ ಹೋದರೆ ಆ ಕೊರತೆ ತುಂಬಲು ಇನ್ನೆಲ್ಲೋ ಕಾಡು ಹೋಗುತ್ತದೆ. ಅಮೆರಿಕ 2025ರ ತಿದ್ದುಪಡಿಯಲ್ಲಿ ಈ ಪರೋಕ್ಷ ನಷ್ಟದ ಲೆಕ್ಕವನ್ನೇ ಕೈಬಿಟ್ಟಿತು. ನನಗೆ ಅದು ದೊಡ್ಡ ತಪ್ಪು ಅನಿಸುತ್ತದೆ. ಬರೀ 10% ಉಳಿಸುವ ಇಂಧನಕ್ಕೂ 'ಸುಸ್ಥಿರ' ಅನ್ನುವ ಹೆಸರು ಕೊಡಲೇಬಾರದು.

ಕರಾವಳಿ_ಶೆಟ್ಟಿ:
ಕರಿದು ಉಳಿದ ಎಣ್ಣೆಯ ಬಗ್ಗೆಯೂ ಹೇಳಿ ಮಾರಾಯ್ರೆ. ಇಂಡಿಯನ್ ಆಯಿಲ್‌ನ ಪಾಣಿಪತ್ ರಿಫೈನರಿಗೆ 2025ರಲ್ಲಿ ಕೋರ್ಸಿಯಾ ಪ್ರಮಾಣಪತ್ರ ಸಿಕ್ಕಿದ್ದು ಅದರಿಂದ ಎಸ್‌ಎಎಫ್ ಮಾಡುವುದಕ್ಕೇ. ಒಳ್ಳೆಯ ಕೆಲಸ. ಆದರೆ ಬಳಸಿದ ಎಣ್ಣೆಗೆ ಹೊಸ ಎಣ್ಣೆಗಿಂತ ಜಾಸ್ತಿ ಬೆಲೆ ಬಂದರೆ ಹೊಸ ತಾಳೆ ಎಣ್ಣೆಯನ್ನೇ 'ಬಳಸಿದ್ದು' ಅಂತ ಮಾರುವವರು ಹುಟ್ಟಿಕೊಳ್ಳುತ್ತಾರೆ. ಯುರೋಪಿಗೆ ಏಷ್ಯಾದಿಂದ ಹೋದ ಎಣ್ಣೆಯ ಮೇಲೆ ಇದೇ ಅನುಮಾನ ಬಂದಿತ್ತು. ಪ್ರಮಾಣಪತ್ರ ಕೊಡುವವರು ಬರೀ ಕಾಗದ ನೋಡಿದರೆ ಸಾಲದು. ಹೋಟೆಲಿನಿಂದ ಎಣ್ಣೆ ಎತ್ತುವ ಜಾಗದಲ್ಲೇ ತೂಕದ ಲೆಕ್ಕ ಇರಬೇಕು, ಯಾರು ಬೇಕಾದರೂ ಬಂದು ತಾಳೆ ನೋಡುವ ಹಾಗೆ.

ಹಾವೇರಿ_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕಾಳು ಬಿಟ್ಟು ಸೊಪ್ಪೆ, ಬೆಂಡು ಕೊಟ್ಟರೆ ಯುರೋಪ್ ಒಪ್ಪುತ್ತದೆಯೇ?

ನೀತಿ_ಓದುಗ:
ಹೌದು, ಕಾಳು ಬಿಡಿಸಿದ ಬೆಂಡು, ಕಬ್ಬಿನ ಸಿಪ್ಪೆ, ಒಣ ಹುಲ್ಲು ಎಲ್ಲ ಅವರ ಪಟ್ಟಿಯಲ್ಲಿವೆ. ಆದರೆ ನಿಮ್ಮ ಕಡೆ ಸೊಪ್ಪೆ ದನಕ್ಕೂ ಬೇಕಲ್ಲ? ಮೇವಿಗೆ, ಮಣ್ಣಿಗೆ ಎಷ್ಟು ಉಳಿಸಬೇಕು ಅನ್ನುವುದನ್ನು ನಮ್ಮ ನಿಯಮದಲ್ಲೇ ಬರೆಯಬೇಕು. ಕಾರ್ಖಾನೆ ಬಂದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.