ಬಿಟ್ಟು ಹೋದವನನ್ನು ದೇವರು ಹುಡುಕುತ್ತಾರಾ?

ಕುಂಬಳೆಯ ಹುಡುಗ:
ದುಬೈಗೆ ಹೋದ ಮೇಲೆ 6 ವರ್ಷ ಇಗರ್ಜಿಯ (ಚರ್ಚಿನ) ಮೆಟ್ಟಿಲು ಹತ್ತಲಿಲ್ಲ. ಅಪ್ಪ ತೀರಿಹೋದಾಗ ದೇವರ ಮೇಲೆ ಸಿಟ್ಟು ಬಂದಿತ್ತು. ಈಗ ಊರಲ್ಲಿದ್ದೇನೆ. ಸಂಜೆ ಅಮ್ಮ ಒಬ್ಬರೇ ಜಪಸರ ಹಿಡಿದು ಕೂರುತ್ತಾರೆ. ನಾನು ಅಂಗಳದಲ್ಲೇ ನಿಲ್ಲುತ್ತೇನೆ. ಬಿಟ್ಟು ಹೋದವನು ನಾನು, ಈಗ ಯಾವ ಮುಖ ಇಟ್ಟುಕೊಂಡು ಒಳಗೆ ಹೋಗಲಿ?

ಬೇಳದ ಅಕ್ಕ:
ತಮ್ಮಾ, ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ಓದಿ ನೋಡು, ಯೇಸು ಹೇಳಿದ ಕಥೆ. ನೂರರಲ್ಲಿ ಒಂದು ಕುರಿ ತಪ್ಪಿಹೋಯಿತು. ಅದು ತಾನಾಗಿ ವಾಪಸ್ ಬರಲಿಲ್ಲ, ಕುರುಬನೇ ಹುಡುಕಿಕೊಂಡು ಹೋದ. ಸಿಕ್ಕಿದಾಗ ಬೈಯಲಿಲ್ಲ, ಹೆಗಲ ಮೇಲೆ ಹೊತ್ತುಕೊಂಡ. ಮಗು ಹೋದ ಮೇಲೆ ನಾನೂ ಎರಡು ವರ್ಷ ದೂರವಿದ್ದೆ. ನಮ್ಮ ಬೇಳದ ಇಗರ್ಜಿ ಶೋಕಮಾತೆಯದು ಅಲ್ವಾ? ಮಗ ಯೇಸುವನ್ನು ಕಳೆದುಕೊಂಡ ತಾಯಿ ಮರಿಯಮ್ಮ. ಅವರ ಮುಂದೆ ಸುಮ್ನೆ ಕೂತು ಅತ್ತೆ. ಒಂದು ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ. ಅಷ್ಟೇ ಸಾಕಾಯಿತು.

ಮಂಜೇಶ್ವರದಿಂದ:
ಯೇಸುವಿನ ಶಿಷ್ಯ ಪೇತ್ರನನ್ನೂ ನೆನೆಸಿಕೊಳ್ಳಿ. ಯೇಸುವನ್ನು ಬಂಧಿಸಿದ ರಾತ್ರಿ, ಯೇಸು ಯಾರೋ ಗೊತ್ತಿಲ್ಲ ಎಂದು ಮೂರು ಸಲ ಹೇಳಿದ. ಇದ್ದಲಿನ ಬೆಂಕಿ ಕಾಯಿಸುತ್ತಾ ನಿಂತಿದ್ದ ಆಗ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ, ಯೇಸು ಸತ್ತು ಎದ್ದುಬಂದ ಮೇಲೆ, ಮತ್ತೆ ಇದ್ದಲಿನ ಬೆಂಕಿ, ಅದರ ಮೇಲೆ ಮೀನು. ಯೇಸುವೇ ಊಟಕ್ಕೆ ಕರೆದು ಪೇತ್ರನನ್ನು ಮೂರು ಸಲ ಕೇಳುತ್ತಾರೆ, ನನ್ನನ್ನು ಪ್ರೀತಿಸುತ್ತೀಯಾ ಎಂದು.

ಕುಂಬಳೆಯ ಹುಡುಗ:
ಅಕ್ಕಾ, ನಿನ್ನೆ ಅಮ್ಮನ ಪಕ್ಕ ಕೂತೆ. ಅಮ್ಮ ಏನೂ ಕೇಳಲಿಲ್ಲ. ಅಪ್ಪನ ಜಪಸರ ತಂದು ಕೈಗಿಟ್ಟರು.