ಮನೆಯಲ್ಲಿ ಆರೈಕೆ, ಬಿಲ್ ಯಾರ ತಲೆಗೆ? – ಪ್ರಶ್ನೋತ್ತರ

ನಿರ್ವಾಹಕ: ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಯ ಬಿಲ್ ಮತ್ತು ಆರೋಗ್ಯ ವಿಮೆಯ ಕುರಿತು ಕೇಳಿ. ವಿಮಾ ಕ್ಲೇಮುಗಳ ಸಲಹೆಗಾರ್ತಿ ಉತ್ತರಿಸುತ್ತಾರೆ.

ಮೈಸೂರಿನ ಸದಸ್ಯ: ನಮಸ್ಕಾರ ಮೇಡಂ. ತಂದೆಯವರಿಗೆ 74 ವರ್ಷ, ಆಯುಷ್ಮಾನ್ ವಯ ವಂದನಾ ಕಾರ್ಡ್ (70 ಮತ್ತು ಅದಕ್ಕೂ ಮೇಲಿನ ವಯಸ್ಸಿನವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಕಾರ್ಡ್) ಇದೆ. ಮನೆಗೆ ಬರುವ ನರ್ಸ್ ಖರ್ಚು ಅದರಲ್ಲಿ ಸಿಗುತ್ತದೆಯೇ?

ಸಲಹೆಗಾರ್ತಿ: ನಮಸ್ಕಾರ. ಸಿಗುವುದಿಲ್ಲ. ಅದು ಆಸ್ಪತ್ರೆಗೆ ದಾಖಲಾದರೆ ಮಾತ್ರ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಬಿಡುಗಡೆಯ ನಂತರ 15 ದಿನಗಳ ಔಷಧ ಸೇರುತ್ತದೆ, ಅಷ್ಟೇ.

ಹಾಸನದ ಸದಸ್ಯೆ: ಅಮ್ಮನಿಗೆ ಪಾರ್ಶ್ವವಾಯು. ಕುತ್ತಿಗೆಯಲ್ಲಿ ಉಸಿರಾಟಕ್ಕೆ ರಂಧ್ರ ಮಾಡಿ ಹಾಕಿದ ಟ್ರೇಕಿಯಾಸ್ಟಮಿ ಕೊಳವೆ, ಮೂಗಿನಲ್ಲಿ ಆಹಾರದ ಕೊಳವೆ. ಕಳೆದ ತಿಂಗಳು ಮನೆಗೆ ಕರೆತಂದೆವು. ಮನೆಗೆ ನರ್ಸ್, ಯಂತ್ರ ಕಳುಹಿಸುವ ಏಜೆನ್ಸಿಯವರು ‘ಎಲ್ಲವೂ ವಿಮೆಯಲ್ಲಿ ಬರುತ್ತದೆ’ ಎಂದಿದ್ದರು. ಈಗ 1,64,000 ರೂಪಾಯಿ ಬಿಲ್. ಶುಕ್ರವಾರದೊಳಗೆ ಕಟ್ಟದಿದ್ದರೆ ಆಮ್ಲಜನಕದ ಯಂತ್ರ, ಕಫ ಎಳೆಯುವ ಯಂತ್ರ ಎರಡನ್ನೂ ಒಯ್ಯುತ್ತಾರಂತೆ.

ಸಲಹೆಗಾರ್ತಿ: ಮೊದಲು ಯಂತ್ರ, ಆಮೇಲೆ ಬಿಲ್ಲಿನ ಜಗಳ. ಟ್ರೇಕಿಯಾಸ್ಟಮಿ ಇರುವವರ ಪಕ್ಕದಲ್ಲಿ ಕಫ ಎಳೆಯುವ ಯಂತ್ರ ಸದಾ ಇರಬೇಕು. ಕೊಳವೆ ಕಟ್ಟಿಕೊಂಡರೆ ಉಸಿರೇ ನಿಲ್ಲುತ್ತದೆ. ಇವತ್ತೇ ಬೇರೆ ಅಂಗಡಿಯಿಂದ ಎರಡನ್ನೂ ಬಾಡಿಗೆಗೆ ತರಿಸಿ, ವೈದ್ಯರಿಗೂ ತಿಳಿಸಿ. ಆಮೇಲೆ ಏಜೆನ್ಸಿಯ ಯಂತ್ರಗಳನ್ನು ರಸೀದಿ ಪಡೆದು ಹಿಂದಿರುಗಿಸಿ. ಬೆದರಿಸಲು ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಒಟ್ಟು ಮೊತ್ತವನ್ನು ಒಪ್ಪಬೇಡಿ. ದಿನವಾರು, ಬಾಬ್ತುವಾರು ಬಿಲ್ ಬೇಕೆಂದು ಲಿಖಿತವಾಗಿ ಕೇಳಿ. ಬಂದವರು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿ ನೋಂದಣಿಯಾದ ನರ್ಸೇ? ಸಹಾಯಕಿಯನ್ನು ಕಳುಹಿಸಿ ನರ್ಸ್ ದರ ಹಾಕುವ ಮೋಸ ನನ್ನ ಕಣ್ಣಿಗೆ ಮತ್ತೆ ಮತ್ತೆ ಬೀಳುತ್ತದೆ. ಕೈಗವಸು, ಕಫ ಎಳೆಯುವ ಕೊಳವೆಯ ಪ್ಯಾಕೆಟ್ ತಿರುಗಿಸಿ ಎಂಆರ್‌ಪಿ ನೋಡಿ. ಅದಕ್ಕಿಂತ ಹೆಚ್ಚು ವಸೂಲಿ ಮಾಡುವುದು ಕಾನೂನುಬಾಹಿರ.

ಪಾಲಿಸಿಯಲ್ಲಿ ಆಸ್ಪತ್ರೆ ಬಿಟ್ಟ ನಂತರದ ವೆಚ್ಚದ ಕಲಂ ಹುಡುಕಿ. ಅನೇಕ ಪಾಲಿಸಿಗಳಲ್ಲಿ 60 ದಿನಗಳ ಔಷಧ, ಪರೀಕ್ಷೆ, ವೈದ್ಯರ ಶುಲ್ಕ ಸಿಗುತ್ತದೆ. ‘ಡೊಮಿಸಿಲಿಯರಿ’ (ಮನೆಯಲ್ಲೇ ಚಿಕಿತ್ಸೆ) ಕಲಂ ಬೇರೆ: ರೋಗಿಯನ್ನು ಸಾಗಿಸಲಾಗದೆ ಅಥವಾ ಆಸ್ಪತ್ರೆಯಲ್ಲಿ ಜಾಗವಿಲ್ಲದೆ, ಅಲ್ಲಿ ಆಗಬೇಕಿದ್ದ ಚಿಕಿತ್ಸೆ ಮನೆಯಲ್ಲಿ ನಡೆದರೆ ಮಾತ್ರ. ವೈದ್ಯರ ಪತ್ರವಿಲ್ಲದೆ ಅದು ನಿಲ್ಲದು. ಏಜೆನ್ಸಿ ಕೊಟ್ಟ ಮಾತಿಗೆ ವಿಮಾ ಕಂಪನಿ ಬದ್ಧವಲ್ಲ. ಆದರೆ ಆ ಮಾತು ವಾಟ್ಸ್‌ಆ್ಯಪ್‌ನಲ್ಲಿದ್ದರೆ ಅಳಿಸಬೇಡಿ, ಗ್ರಾಹಕರ ಆಯೋಗದಲ್ಲಿ ಬೇಕಾಗುತ್ತದೆ.

ತುಮಕೂರಿನ ಸದಸ್ಯ: (ಫಾರ್ವರ್ಡ್) ಬಿಲ್ ಮೇಲೆ ‘ಆಕ್ಷೇಪಣೆಯೊಂದಿಗೆ’ ಎಂದು ಬರೆದು ಸಹಿ ಹಾಕಿದರೆ ಹಣ ಕಟ್ಟಬೇಕಿಲ್ಲ. ಹೊಸ ಕಾನೂನು. ಎಲ್ಲರಿಗೂ ತಲುಪಿಸಿ.

ಸಲಹೆಗಾರ್ತಿ: ಸುಳ್ಳು. ಇದನ್ನು ನಂಬಿ ಸುಮ್ಮನೆ ಕುಳಿತವರ ಮನೆಯಿಂದಲೇ ಯಂತ್ರ ಹೋಗುವುದು. ದಯವಿಟ್ಟು ಅಳಿಸಿ.

ಬೆಳಗಾವಿಯ ಸದಸ್ಯ: ಸಹಾಯಕಿಯರದ್ದೇ ಲೂಟಿ. ಹನ್ನೆರಡು ಗಂಟೆ ಕುಳಿತು ಮೊಬೈಲ್ ನೋಡುತ್ತಾರೆ.

ಉಡುಪಿಯ ಸದಸ್ಯೆ: ನನ್ನ ತಂಗಿ ಅದೇ ಕೆಲಸ ಮಾಡುತ್ತಾಳೆ. ರಾತ್ರಿಯೆಲ್ಲ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮಲಮೂತ್ರ ತೆಗೆಯುವವರು ಯಾರು? ನೀವು ಕಟ್ಟುವ ಹಣ ಪೂರ್ತಿ ಅವಳ ಕೈಗೆ ಬರುವುದಿಲ್ಲ.

ಬೆಳಗಾವಿಯ ಸದಸ್ಯ: ಹಾಗಾದರೆ ಏಜೆನ್ಸಿ ಬಿಟ್ಟು ನೇರವಾಗಿ ಬರಲಿ.

ಉಡುಪಿಯ ಸದಸ್ಯೆ: ನೇರವಾಗಿ ಬಂದವಳ ಮೇಲೆ ಬಳೆ ಕಳವಿನ ಆರೋಪ ಹೊರಿಸುವವರೂ ನಿಮ್ಮಂಥವರೇ.

ದಾವಣಗೆರೆಯ ಸದಸ್ಯ: ಮನೆಗೆ ಬರುವ ಫಿಸಿಯೋಥೆರಪಿಯವರು ರಸೀದಿ ಕೊಡುತ್ತಿಲ್ಲ. ಕ್ಲೇಮ್ ಹೇಗೆ?

ಬೆಳಗಾವಿಯ ಸದಸ್ಯ: ನಿಮ್ಮಂಥವರು ಎಂದರೆ ಏನರ್ಥ?

ನಿರ್ವಾಹಕ: ಇಬ್ಬರೂ ನಿಲ್ಲಿಸಿ.

ಶಿವಮೊಗ್ಗದ ಸದಸ್ಯೆ: 70 ದಾಟಿದವರ ಕಾರ್ಡಿನಲ್ಲಿ ಮನೆ ನರ್ಸ್ ಸಿಗುತ್ತಾರೆಯೇ?

ಸಲಹೆಗಾರ್ತಿ: ಇಲ್ಲ. ಮೇಲೆ ಓದಿ.

ಕೋಲಾರದ ಸದಸ್ಯ: ಕ್ಲೇಮ್ ತಿರಸ್ಕಾರವಾಗಿದೆ. ಮುಂದೆ?

ಸಲಹೆಗಾರ್ತಿ: ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮಾ ದೂರು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿಗೆ ಹೋಗಿ. ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿಯ ಉತ್ತರ ಬಂದು, ಉತ್ತರವೇ ಬರದಿದ್ದರೆ ಆ 30 ದಿನ ಮುಗಿದು, ಒಂದು ವರ್ಷ ಮೀರಬಾರದು.

ತುಮಕೂರಿನ ಸದಸ್ಯ: ನಾನು ಹಾಕಿದ ಫಾರ್ವರ್ಡ್ ವೈದ್ಯರ ಗುಂಪಿನಿಂದಲೇ ಬಂದದ್ದು. ಸುಳ್ಳು ಹೇಗಾಗುತ್ತದೆ?

ಸಲಹೆಗಾರ್ತಿ: ಕಾನೂನಿನ ಹೆಸರು, ಕಲಂ ಹಾಕಿ, ಓದುತ್ತೇನೆ. ಇಲ್ಲದಿದ್ದರೆ ಈ ಮಾತು ಇಲ್ಲಿಗೆ ಸಾಕು.

ಹಾಸನದ ಸದಸ್ಯೆ: ಮೇಡಂ, ಎರಡೂ ಯಂತ್ರ ಬಾಡಿಗೆಗೆ ಸಿಕ್ಕವು. ಏಜೆನ್ಸಿ ದಿನವಾರು ಬಿಲ್ ಕೊಡುವುದಿಲ್ಲವಂತೆ.

ಸಲಹೆಗಾರ್ತಿ: ನಿರಾಕರಣೆಯನ್ನೂ ಲಿಖಿತವಾಗಿ ಪಡೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಿರಲಿ, ಕಫ ಎಳೆಯುವ ಯಂತ್ರಕ್ಕೆ ಬ್ಯಾಟರಿ ಇದೆಯೇ? ವಿದ್ಯುತ್ ಹೋದರೆ ಏನು ಮಾಡುತ್ತೀರಿ? ಮೊದಲು ಅದನ್ನು ಹೇಳಿ.