2025ರ ಕನ್ನಡ ಟಿವಿ: ಯಾವುದು ನೋಡಬೇಕು, ಯಾವುದು ಬಿಡಬೇಕು?

ಬ್ರಹ್ಮಪುರದಾಂವ, ಕಲಬುರಗಿ:

ನಮಸ್ಕಾರ್ರಿ. ಹೋದ ವರ್ಷದ ಕನ್ನಡ ಕಾರ್ಯಕ್ರಮದಾಗ ಚಲೋ ಇದ್ದವು ಯಾವು? ಅವ್ವಗ ಧಾರಾವಾಹಿ ಬೇಕು, ಹುಡುಗರಿಗೆ ಹಾಡು-ಆಟ, ನನಗ ಸಣ್ಣದೊಂದು ವೆಬ್ ಸೀರೀಸ್ ಆದ್ರ ಸಾಕು. ದಿನಕ್ಕ ಒಂದೂವರೆ ತಾಸಿಗಿಂತ ಹೆಚ್ಚ ಆಗಂಗಿಲ್ಲ. ಮನ್ಯಾಗ ಇರೋದು ಹಳೇ ಡಬ್ಬಾ ಟಿವಿ, ಮಾಳಗಿ ಮ್ಯಾಲ ಫ್ರೀ ಡಿಶ್ ಛತ್ರಿ, ಫೋನಿಗೆ ದಿನಕ್ಕ 2 ಜಿಬಿ. ನೂರಾರು ಕಂತು ಆಗಿದ್ದ ಧಾರಾವಾಹಿ ಎಲ್ಲಿಂದ ಹಿಡೀಬೇಕು ಅನ್ನೋದೂ ಹೇಳ್ರಿ. ಬರೇ ಹೆಸರು ಬ್ಯಾಡ.

ಬಿದ್ರಿ ಹೂಜಿ, ಬೀದರ್:

ಹಾಡು ಅಂದ್ರ ಮೊದಲ ಹೆಸರು ಝೀ ಕನ್ನಡದ ಸರಿಗಮಪ ಸೀಸನ್ 21. ನಮ್ಮ ಬೀದರಿನ ಶಿವಾನಿ ಗೆದ್ದ ಸೀಸನ್ ಅದು, 2025ರ ಜೂನ್‌ನಾಗ ಮುಗೀತು. ಊರ ಅಭಿಮಾನ ಬದಿಗಿಟ್ಟ ಹೇಳಿದ್ರೂ ನೋಡಬೇಕಾದ್ದೇ. ಆದ್ರ ಪೂರಾ ಕಂತು ಹಾಕ್ಕೊಂಡ ಕೂಡಬ್ಯಾಡ್ರಿ. ಒಂದ ಹಾಡಿನ ಸುತ್ತ ಅದಕ್ಕಿಂತ ಉದ್ದದ ಮಾತು, ಮನಿ ಮಂದಿ ಕಣ್ಣೀರು, ನಗಿಚಾಟಿಕಿ ಇರ್ತಾವ. ಹಾಡು ಶುರು ಆಗೋತನಕ ಮುಂದಕ್ಕ ಓಡಸ್ರಿ, ಹಾಡು ಪೂರಾ ಕೇಳ್ರಿ, ಆಮ್ಯಾಲ ವಿಜಯ್ ಪ್ರಕಾಶ್, ರಾಜೇಶ್ ಕೃಷ್ಣನ್, ಅರ್ಜುನ್ ಜನ್ಯ ಹೇಳೋ ಮಾತು ಮಾತ್ರ ಬಿಡಬ್ಯಾಡ್ರಿ. ಶ್ರುತಿ ಎಲ್ಲಿ ಜಾರ್ತು, ಉಸಿರು ಎಲ್ಲಿ ತಗೋಬೇಕಿತ್ತು ಅನ್ನೋದು ಕಲಿಯೋ ಹುಡುಗರಿಗೆ ಬಾಳ ಉಪಯೋಗ.

ಬಿಗ್ ಬಾಸ್ ಸೀಸನ್ 11 ನೋಡಿಲ್ಲಂದ್ರ ಅದೂ ಲೆಕ್ಕಕ್ಕ ಬರ್ತದ. 2024ರ ಸೆಪ್ಟೆಂಬರ್ 29ಕ್ಕ ಶುರು, 2025ರ ಜನವರಿ 26ಕ್ಕ ಮುಕ್ತಾಯ, ಅಂದ್ರ 120 ದಿನ. ವೈಲ್ಡ್ ಕಾರ್ಡಿನಾಗ ಬಂದ ಹಾವೇರಿ ಜಿಲ್ಲೆಯ ಹನುಮಂತ ಗೆದ್ದ. ದಿನಾ ನೋಡಿದ್ರ ಮನಷ್ಯಾ ಉಳಿಯಂಗಿಲ್ಲ. ಸುದೀಪ್ ಬರೋ ಶನಿವಾರ, ರವಿವಾರದ ಕಂತು ಅಷ್ಟ ನೋಡ್ರಿ. ವಾರದಾಗ ಏನೇನ ಜಗಳ ಆಗ್ಯಾವ ಎಲ್ಲಾ ಅಲ್ಲೇ ತುಣುಕು ತೋರಿಸಿ ವಿಚಾರಸ್ತಾರ. 120 ಹೋಗಿ ಸುಮಾರು 34 ಕಂತಿಗೆ ಇಳೀತದ. ಹನುಮಂತನ ಮಾತು ಕೇಳೂ ಸುಖಾನೇ ಬ್ಯಾರೆ. ಬೆಂಗಳೂರು ಕನ್ನಡ ಕೇಳಿ ಕೇಳಿ ಬ್ಯಾಸತ್ತ ಕಿವಿಗೆ ಉತ್ತರದ ಮಾತು ಬಿದ್ರ ಆರಾಮ ಅನಸ್ತದ.

ತೊಗರಿ ಕಣಜ, ಚಿತ್ತಾಪುರ:

ಅವ್ವಾರಿಗೆ ನನ್ನ ಆಯ್ಕೆ ಅಮೃತಧಾರೆ. 2023ರ ಮೇ ತಿಂಗಳಲ್ಲಿ ಝೀ ಕನ್ನಡದಲ್ಲಿ ಶುರುವಾಗಿದ್ದು. ಗೌತಮನಾಗಿ ರಾಜೇಶ್ ನಟರಂಗ, ಭೂಮಿಕಾ ಆಗಿ ಛಾಯಾ ಸಿಂಗ್ ಇಬ್ಬರೂ ಕಿರುಚಾಡದೆ ನಟಿಸುತ್ತಾರೆ, ಅದೇ ಅರ್ಧ ಗೆಲುವು. ಮೊದಲ ಕಂತಿನಿಂದ ಹಿಡಿಯೋಕೆ ಹೋಗಬೇಡಿ. ಮದುವೆಗೆ ಮುಂಚಿನ ಹತ್ತು ಕಂತು, ಮದುವೆಯ ವಾರ, ಆಮೇಲೆ ನೇರ 2025ರ ಕೊನೆ ಭಾಗಕ್ಕೆ, ಭೂಮಿಕಾ ಗೌತಮನ ಮನೆ ಬಿಟ್ಟು ಕಥೆ ಐದು ವರ್ಷ ಮುಂದಕ್ಕೆ ಹೋಗುವ ಜಾಗಕ್ಕೆ ಬನ್ನಿ. ಹೀಗೆ ಕಾಲ ಹಾರಿದಾಗ ಧಾರಾವಾಹಿಯವರೇ ಹಳೇ ಕಥೆಯನ್ನು ಮಾತಿನಲ್ಲಿ ಮತ್ತೆ ಮತ್ತೆ ಹೇಳಿಸುತ್ತಾರೆ, ಯಾಕಂದ್ರೆ ಹೊಸ ಪ್ರೇಕ್ಷಕರನ್ನು ಹಿಡಿಯೋಕೆ ಅದೇ ಬಾಗಿಲು. ನಡುವಿನ ನೂರಾರು ಕಂತು ಬಿಟ್ಟರೂ ಎಳೆ ತಪ್ಪಲ್ಲ.

ಹೊಸದಾಗಿ ಮೊದಲಿಂದಲೇ ನೋಡಬೇಕಂದ್ರೆ ಕರ್ಣ. 2025ರ ಜುಲೈನಲ್ಲಿ ಶುರುವಾಗಿದ್ದು, ಹಾಗಾಗಿ ಹಿಂದಿನ ಸಾಲ ಕಡಿಮೆ. ಕಿರಣ್ ರಾಜ್ ಡಾಕ್ಟರ್, ಭವ್ಯಾ ಗೌಡ ಮತ್ತು ನಮ್ರತಾ ಗೌಡ ಅಕ್ಕ-ತಂಗಿ. ಲಕ್ಷ್ಮೀ ನಿವಾಸ ಚೆನ್ನಾಗಿದೆ, ಆದರೆ ನಿಮ್ಮ ಹತ್ತಿರ ಇರೋದು ದಿನಕ್ಕೆ ಒಂದೂವರೆ ತಾಸು. ಬಹುಕಾಲ ಒಂದೊಂದು ಕಂತೇ ಒಂದು ತಾಸಿನ ಹೊತ್ತು ತಿಂದ ಧಾರಾವಾಹಿ ಅದು. ಅದನ್ನು ಹಿಡಿದರೆ ಬೇರೆ ಏನೂ ಆಗಲ್ಲ.

ಯಾವ ಧಾರಾವಾಹಿಗಾದರೂ ಒಂದು ಲೆಕ್ಕ ನೆನಪಿಡಿ. ಅರ್ಧ ತಾಸಿನ ಹೊತ್ತಿನಲ್ಲಿ ಜಾಹೀರಾತು ತೆಗೆದರೆ ಉಳಿಯೋದು 20-22 ನಿಮಿಷ. ಅದರಲ್ಲಿ ಮೊದಲ ಒಂದೆರಡು ನಿಮಿಷ ನಿನ್ನೆಯದೇ. ಒಂದು ಮಾತು ಆಡಿದ ಮೇಲೆ ಎಲ್ಲರ ಮುಖ ಸುತ್ತಿ ತೋರಿಸುವ ಜಾಗದಲ್ಲಿ ಹತ್ತು ಸೆಕೆಂಡಿನ ಬಟನ್ ಮೂರು ಸಲ ಒತ್ತಿ. ಏನೂ ಕಳೆದುಕೊಳ್ಳಲ್ಲ. ಕಥೆ ನಿಜವಾಗಿ ಹೆಜ್ಜೆ ಇಡೋದು ಸೋಮವಾರ ಮತ್ತು ವಾರದ ಕೊನೆಯ ಕಂತಿನಲ್ಲಿ. ಬಾರ್ಕ್ ಸಂಸ್ಥೆಯ ಟಿಆರ್‌ಪಿ, ಅಂದ್ರೆ ಎಷ್ಟು ಜನ ನೋಡಿದರು ಅನ್ನೋ ಅಂಕಿ, ಗುರುವಾರ ಗುರುವಾರ ಬರುತ್ತೆ. ಅಂಕಿ ಕುಸಿದರೆ ಮುಂದಿನ ವಾರಗಳಲ್ಲಿ ದಿಢೀರ್ ಅಪಘಾತ, ಅಪಹರಣ, ಮರೆವು ಬರ್ತವೆ. ಅಂಥ ತಿರುವು ಕಂಡ ಕೂಡಲೇ ಎರಡು ವಾರ ಬಿಟ್ಟು ಬನ್ನಿ, ಕಥೆ ಮತ್ತೆ ಅಲ್ಲೇ ನಿಂತಿರುತ್ತೆ.

ಅಮೃತಧಾರೆ ಹಿಂದಿಯ ಬಡೇ ಅಚ್ಛೇ ಲಗ್ತೇ ಹೈ ಧಾರಾವಾಹಿಯ ರಿಮೇಕ್. ಬೀದರ್ ಕಡೆ ಹಿಂದಿ ಚಾನೆಲ್ ನೋಡಿದವರಿಗೆ ಅಮೃತಧಾರೆಯ ಶುರು ಗುರುತು ಸಿಗುತ್ತೆ, ಅವರು ಇನ್ನೂ ಮುಂದಿಂದ ಹಿಡಿಯಬಹುದು.

ಭೀಮಾ ದಂಡಿ, ಯಾದಗಿರಿ:

ಮ್ಯಾಲಿನವರು ಯಾರೂ ಒಂದು ಮಾತು ಹೇಳಲಿಲ್ಲ: ಝೀ ಕನ್ನಡ, ಕಲರ್ಸ್ ಕನ್ನಡ ಹಣದ ಚಾನೆಲ್, ಫ್ರೀ ಡಿಶ್‌ನಾಗ ಬರಂಗಿಲ್ಲ. ಅಲ್ಲಿ ನಿಮಗ ಸಿಗೋದು ಚಂದನ. ಅದನ್ನ ಹಗುರ ತಿಳೀಬ್ಯಾಡ್ರಿ. 2002ರಾಗ ಶುರುವಾದ ಥಟ್ ಅಂತ ಹೇಳಿ, ಡಾ. ನಾ. ಸೋಮೇಶ್ವರ ಅವರದು, ಸರಿ ಉತ್ತರಕ್ಕ ಪುಸ್ತಕ ಕೊಡೋ ಕಾರ್ಯಕ್ರಮ. ಹುಡುಗರಿಗೆ ಇದಕ್ಕಿಂತ ಚಲೋ ಆಟ ಯಾವುದದ?

ಚಂದನ ಚೌಕ ಚೌಕ ಆಗಿ ಒಡೀಲತ್ತಿದ್ರ ಛತ್ರಿ ನೋಡ್ರಿ. ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ಕಲಬುರಗಿಯಿಂದ ಅದು ಹೆಚ್ಚೂಕಡಿಮಿ ಸರಿಯಾಗಿ ಆಗ್ನೇಯ ಮೂಲಿ, ದಿಕ್ಸೂಚಿಯಾಗ 135. ಬೀದರಿಗೆ 137. ಎತ್ತರ ಸುಮಾರು 62 ಡಿಗ್ರಿ. ಆದ್ರ ಛತ್ರಿ ಅಷ್ಟು ಮ್ಯಾಲ ಮಾರಿ ಮಾಡಿದಂಗ ಕಾಣಂಗಿಲ್ಲ. ಎಲ್‌ಎನ್‌ಬಿ (ಛತ್ರಿ ಮುಂದ ಸಿಗ್ನಲ್ ಹಿಡಿಯೋ ಡಬ್ಬಿ) ಕೆಳಗ ಇರೋ ಇಂಥ ಛತ್ರಿ ಖರೇ ದಿಕ್ಕಿಗಿಂತ 25 ಡಿಗ್ರಿ ಹತ್ರ ಹೆಚ್ಚು ನೆಟ್ಟಗಿದ್ದಂಗ ಕಾಣ್ತದ, ಅದಕ್ಕ ಕಣ್ಣಳತಿ ನಂಬಿ ಮ್ಯಾಲ ಎತ್ತಿದವರು ಸಿಗ್ನಲ್ ಕಳ್ಕೋತಾರ. ಬಾಕ್ಸಿನ ಮೆನುದಾಗ ಸ್ಟ್ರೆಂತ್ ನೋಡಬ್ಯಾಡ್ರಿ, ಕ್ವಾಲಿಟಿ ನೋಡ್ರಿ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆ ಅಂದ್ರ ವೈರು ಚಲೋ ಅದ, ದಿಕ್ಕು ತಪ್ಪ್ಯಾದ. ಎರಡೂ ಸೊನ್ನೆ ಅಂದ್ರ ಎಲ್‌ಎನ್‌ಬಿ ಹತ್ರದ ಕನೆಕ್ಟರ್ ಬಿಚ್ಚಿ ನೋಡ್ರಿ, ನೀರು ಇಳಿದು ಹಸರು ಕಿಲುಬು ಹಿಡದಿರ್ತದ. ಒಂದಿಂಚು ವೈರು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಟೇಪ್ ಕೆಳಗಿಂದ ಮ್ಯಾಲಕ ಸುತ್ರಿ. ಸುತ್ತು ಮ್ಯಾಲ ಸುತ್ತು ಕೂತ್ರ ನೀರು ಒಳಗ ಹೋಗದಂಗ ಜಾರ್ತದ.

ಉಳಿದದ್ದಕ್ಕೆಲ್ಲಾ ಆ್ಯಪ್ ಬೇಕು. ಝೀ ಕನ್ನಡ ಝೀ5ದಾಗ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಜಿಯೋಹಾಟ್‌ಸ್ಟಾರ್‌ದಾಗ, ಉದಯ ಸನ್ ನೆಕ್ಸ್ಟ್‌ನಾಗ. ಡೇಟಾ ಲೆಕ್ಕ ಹಿಂಗ: ಸೆಕೆಂಡಿಗೆ 1 ಮೆಗಾಬಿಟ್ ಚಿತ್ರಕ್ಕ ತಾಸಿಗೆ 450 ಎಂಬಿ. ಒಂದೂವರೆ ತಾಸಿಗೆ 675. ಆಟೋ ಅಂತ ಬಿಟ್ರ 3 ಮೆಗಾಬಿಟ್ಟಿಗೆ ಏರ್ತದ, ಆಗ ಒಂದೂವರೆ ತಾಸಿಗೇ 2 ಜಿಬಿ ಖಲಾಸ್. ಡಬ್ಬಾ ಟಿವಿಯಾಗ ಎಚ್‌ಡಿ ಹಾಕಿ ಉಪಯೋಗ ಇಲ್ಲ, ಆ್ಯಪ್‌ನಾಗ ಚಿತ್ರದ ಗುಣಮಟ್ಟ 480ಪಿಗೆ ಕಟ್ಟಿ ಹಾಕ್ರಿ.

ಬಿದ್ರಿ ಹೂಜಿ, ಬೀದರ್:

ವೆಬ್ ಸೀರೀಸ್ ಕೇಳಿದ್ರಲ್ಲ. ಝೀ5ದಾಗ 2025ರ ಏಪ್ರಿಲ್‌ನಾಗ ಬಂದ ಅಯ್ಯನ ಮನೆ ಮೊದಲು ನೋಡ್ರಿ. ರಮೇಶ್ ಇಂದಿರಾ ನಿರ್ದೇಶನ, ಖುಷಿ ರವಿ ಮುಖ್ಯ ಪಾತ್ರ, ಚಿಕ್ಕಮಗಳೂರಿನ ಮನೆತನಕ್ಕ ಸೊಸಿ ಕಾಲಿಡೋದ್ರಿಂದ ಶುರು. ಸಣ್ಣ ಸಣ್ಣ ಕಂತು, ಎರಡು ರಾತ್ರಿಗೆ ಮುಗೀತದ. ಅವ್ವನೂ ಕೂತು ನೋಡಬಹುದು, ಯಾಕಂದ್ರ ಹೊಂದಿಸಿದ ರೀತಿ ಧಾರಾವಾಹಿದು, ಓಟ ಮಾತ್ರ ಬ್ಯಾರೆ. ಆಮ್ಯಾಲ ಅಕ್ಟೋಬರ್ ಕೊನಿಗೆ ಬಂದ ಮಾರಿಗಲ್ಲು, ಪಿಆರ್‌ಕೆ ಪ್ರೊಡಕ್ಷನ್ಸ್‌ನ ಮೊದಲ ವೆಬ್ ಸೀರೀಸ್. ಶಿರಸಿ ಕಡೆ ಕಾಡು, ಕದಂಬರ ನಿಧಿ. ಇದರಾಗ ಕತ್ತಲಿ ದೃಶ್ಯ ಬಾಳ. ಡಬ್ಬಾ ಟಿವಿಯಾಗ ಬ್ರೈಟ್‌ನೆಸ್ ಏರಿಸದೆ ಹಾಕಿದ್ರ ಬರೇ ಕರಿ ಪರದೆ ನೋಡ್ತೀರಿ.

ಬ್ರಹ್ಮಪುರದಾಂವ, ಕಲಬುರಗಿ:

ಬಾಳ ಉಪಕಾರ ಆಯ್ತ್ರಿ. ಒಂದು ಉಳೀತು. ಆ್ಯಪ್ ಓಡಸೋ ಟಿವಿ ಸ್ಟಿಕ್ ತಂದು ಎಚ್‌ಡಿಎಂಐ ಇಂದ ಎವಿ ಮಾಡೋ ಡಬ್ಬಿ ಹಾಕಿದ್ರ ಮೆನು ಕಾಣ್ತದ, ಕಾರ್ಯಕ್ರಮ ಹಚ್ಚಿದ ಕೂಡಲೇ ಪರದೆ ಕರಿ ಆಗ್ತದ. ನಡುನಡುವ ಸ್ಟಿಕ್ ತಾನೇ ಬಂದ್ ಆಗಿ ಚಾಲೂ ಆಗ್ತದ. ಫೋನಿನ ಹಾಟ್‌ಸ್ಪಾಟೂ ಒಮ್ಮೊಮ್ಮೆ ಕಾಣಂಗಿಲ್ಲ.

ಭೀಮಾ ದಂಡಿ, ಯಾದಗಿರಿ:

ಮೂರು ಬ್ಯಾರೆ ಬ್ಯಾರೆ ರೋಗ. ಪರದೆ ಕರಿ ಆಗೋದು ಎಚ್‌ಡಿಸಿಪಿ ಅನ್ನೋ, ನಕಲು ತಡಿಯೋ ಕಾವಲಿನಿಂದ. ಆ್ಯಪ್ ಚಿತ್ರ ಬಿಡೋಕ ಮೊದಲು ಎದುರಿನ ಡಬ್ಬಿ ಆ ಕಾವಲಿಗೆ ಒಪ್ತದೋ ಇಲ್ಲೋ ಕೇಳ್ತದ, ಅಗ್ಗದ ಡಬ್ಬಿ ಉತ್ತರ ಕೊಡಂಗಿಲ್ಲ. ಡಬ್ಬಿ ತಿರುಗಿ ಕೊಟ್ಟು, ಎವಿ ಔಟ್ ತೂತು ಇರೋ ಆಂಡ್ರಾಯ್ಡ್ ಬಾಕ್ಸ್ ತಗೋರಿ, ಹಳದಿ-ಕೆಂಪು-ಬಿಳಿ ವೈರು ನೇರ ಟಿವಿಗೆ ಹೋಗ್ತದ. ತಗೊಳ್ಳೋಕ ಮೊದಲು ಅಂಗಡ್ಯಾಗೇ ನಿಮಗ ಬೇಕಾದ ಆ್ಯಪ್ ಹಚ್ಚಿ ಒಂದು ಕಂತು ಓಡಿಸಿ ನೋಡ್ರಿ. ಅಕ್ಷರದ ಅಂಚು ಕಡದಂಗ ಕಂಡ್ರ ಡಿಸ್‌ಪ್ಲೇ ಸೆಟ್ಟಿಂಗಿನಾಗ ಪರದೆ ಅಳತಿ ಶೇಕಡಾ 90ಕ್ಕ ಇಳಸ್ರಿ.

ತಾನೇ ಬಂದ್ ಆಗೋದು ಕರೆಂಟ್ ಸಾಲದೆ. ಬಾಕ್ಸ್ ಇಲ್ಲಾ ಟಿವಿಯ ಯುಎಸ್‌ಬಿ ತೂತಿನಾಗ ಸಾಮಾನ್ಯವಾಗಿ ಸಿಗೋದು ಅರ್ಧ ಆಂಪಿಯರ್, ಸ್ಟಿಕ್ಕಿಗೆ 5 ವೋಲ್ಟ್ 1 ಆಂಪಿಯರ್ ಬೇಕು. ಅದರ ಜೊತಿ ಬಂದ ಅಡಾಪ್ಟರೇ ಗ್ವಾಡಿ ಪ್ಲಗ್ಗಿಗೆ ಹಾಕ್ರಿ. ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್ ಇದ್ರ ಹಳೇ, ಅಗ್ಗದ ಬಾಕ್ಸಿಗೆ ಕಾಣಂಗಿಲ್ಲ, 2.4ಕ್ಕ ಇಡ್ರಿ. ಹಾಟ್‌ಸ್ಪಾಟ್ ಕೊಡೋ ಫೋನಿನಿಂದಲೇ ಕಾಸ್ಟ್ (ಫೋನಿನ ಕಾರ್ಯಕ್ರಮ ಟಿವಿಗೆ ಕಳಸೋದು) ಮಾಡೋಕ ಹೋಗಬ್ಯಾಡ್ರಿ, ಬಾಳ ಸಲ ಒಂದಕ್ಕೊಂದು ಸಿಗಂಗಿಲ್ಲ. ಆ್ಯಪ್ ಬಾಕ್ಸಿನಾಗೇ ಹಾಕಿ, ಫೋನು ಬರೇ ನೆಟ್ ಕೊಡಲಿ.

ಹಂಗೇ ಚಂದಾ ಕಟ್ಟೋ ಮೊದಲು ಒಂದು ನೋಡ್ರಿ: ಜಿಯೋಹಾಟ್‌ಸ್ಟಾರ್‌ನ ಮೊಬೈಲ್ ಪ್ಲಾನ್ ಟಿವಿಯಾಗ ನಡಿಯಂಗಿಲ್ಲ. ರೀಚಾರ್ಜ್ ಜೊತಿ ಬಂದದ್ದಾದ್ರ ಯಾವ ಪ್ಲಾನ್ ಅಂತ ಆ್ಯಪ್‌ನ ಖಾತೆ ಪುಟದಾಗ ಓದಿ ಆಮ್ಯಾಲ ಬಾಕ್ಸ್ ತರ್ರಿ.